ನಡು ಎಲ್ಲಿದೆ? ಸ್ಕ್ರ್ಯಾಚ್‌ನಲ್ಲಿ ವೃತ್ತಾಕಾರದ ವಿನ್ಯಾಸ ಮತ್ತು ಪರಿಭ್ರಮಣ ಸಮಮಿತಿ: ಒಂದು ಪಾಠದ ಅನುಭವ

ಪೀಠಿಕೆ

ಅಭ್ಯಾಸ ಬೋಧನೆಗಾಗಿ ನನಗೆ ಸಿಕ್ಕಿದ್ದು ಸುಳ್ಯ ತಾಲೂಕಿನ ಪಂಜದ ಆಸುಪಾಸಿನ ಒಂದು ಸರಕಾರಿ ಶಾಲೆ. ಏಳನೇ ತರಗತಿಯಲ್ಲಿ 22 ಮಕ್ಕಳು. ಹೆಚ್ಚಿನವರ ಮನೆಮಾತು ತುಳು ಅಥವಾ ಅರೆಭಾಷೆ. ಚಾಲೂ ಇರುವ ಕಂಪ್ಯೂಟರ್ ಮೂರು. ಗಣಿತದ ‘ಸಮಮಿತಿ’ ಘಟಕದಲ್ಲಿ ಪರಿಭ್ರಮಣ ಸಮಮಿತಿಯ ಭಾಗವನ್ನು ನಾನು ಎರಡು ಅವಧಿಗಳಲ್ಲಿ ಮಾಡಿದೆ. ಒಂದೇ ಆಕೃತಿಯನ್ನು ಸುತ್ತಲೂ ತಿರುಗಿಸಿ ಹೂವಿನಂಥ ವಿನ್ಯಾಸ ಮಾಡುವ ಚಟುವಟಿಕೆಯನ್ನು ಇದಕ್ಕಾಗಿ ಆರಿಸಿಕೊಂಡೆ. ಬಳಸಿದ ತಂತ್ರಾಂಶ ಸ್ಕ್ರ್ಯಾಚ್.

ಮೊದಲ ಅವಧಿ ಸರಿಯಾಗಲಿಲ್ಲ. ಯಾಕೆ ಸರಿಯಾಗಲಿಲ್ಲ, ಎರಡನೇ ಅವಧಿಗೆ ಏನು ಬದಲಾಯಿಸಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆದಿದ್ದೇನೆ. ಇಂಥ ವಿನ್ಯಾಸಗಳನ್ನು ಕಲಿಸುವಾಗ ನಾವು ಕೋನದ ಮೇಲೆಯೇ ಗಮನವಿಡುತ್ತೇವೆ. 360 ಅನ್ನು ಭಾಗಿಸುವುದು ಮಕ್ಕಳಿಗೆ ಬೇಗ ಬರುತ್ತದೆ. ಅವರಿಗೆ, ಮತ್ತು ನನಗೂ, ಕಷ್ಟವಾದದ್ದು ಕೇಂದ್ರ.

ತಂತ್ರಾಂಶದ ಆಯ್ಕೆ

ಸ್ಕ್ರ್ಯಾಚನ್ನು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ತಂಡವೊಂದು ರೂಪಿಸಿ 2007ರಲ್ಲಿ ಸಾರ್ವಜನಿಕರಿಗೆ ಕೊಟ್ಟಿತು. ಇದರ ಹಿಂದೆ ಲೋಗೋ ಎಂಬ ಭಾಷೆಯ ಪರಂಪರೆ ಇದೆ. 1967ರಲ್ಲಿ ಸೀಮರ್ ಪೇಪರ್ಟ್, ವಾಲಿ ಫೋರ್ಜೈಗ್ ಮತ್ತು ಸಿಂಥಿಯಾ ಸಾಲೊಮನ್ ಮಕ್ಕಳಿಗಾಗಿ ಲೋಗೋ ರಚಿಸಿದರು. ಪರದೆಯ ಮೇಲಿನ ‘ಆಮೆ’ ಹೇಗೆ ತಿರುಗಬೇಕೆಂದು ಮಗು ಮೊದಲು ತಾನೇ ನಡೆದು, ತಿರುಗಿ ನೋಡಬೇಕು ಎಂಬುದು ಪೇಪರ್ಟ್ ಅವರ ಮುಖ್ಯ ವಿಚಾರಗಳಲ್ಲಿ ಒಂದು. ನಮ್ಮ ತಾಲೂಕಿಗೆ ತಾಗಿಕೊಂಡಿರುವ ಕಾಸರಗೋಡು ಸೇರಿದಂತೆ ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಕ್ಲಬ್‌ಗಳು ನಡೆಯುತ್ತಿವೆ. ಅಲ್ಲಿ ಮಕ್ಕಳಿಗೆ ಆನಿಮೇಶನ್ ಕೂಡ ಒಂದು ತರಬೇತಿ. ನಮ್ಮ ಶಾಲೆಗಳಲ್ಲಿ ಅಂಥ ಏರ್ಪಾಡು ಇಲ್ಲದಿದ್ದರೂ ಉಚಿತವಾಗಿ ಸಿಗುವ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಸ್ಕ್ರ್ಯಾಚ್ ಸಾಕು ಎಂದುಕೊಂಡೆ.

ಸ್ಕ್ರ್ಯಾಚ್‌ನಲ್ಲಿ ಚಲಿಸುವ ಪಾತ್ರಕ್ಕೆ ಸ್ಪ್ರೈಟ್ ಎಂದೂ ಅದರ ಚಿತ್ರಕ್ಕೆ ಕಾಸ್ಟ್ಯೂಮ್ ಎಂದೂ ಹೆಸರು. ‘ಯಕ್ಷಗಾನದಲ್ಲಿ ಕಲಾವಿದ ಒಬ್ಬನೇ, ವೇಷ ಬೇರೆ ಬೇರೆ’ ಎಂದಾಗ ಮಕ್ಕಳಿಗೆ ಇದು ತಕ್ಷಣ ತಿಳಿಯಿತು. ಬ್ಲಾಕ್‌ಗಳು ಇಂಗ್ಲಿಷಿನಲ್ಲಿ ಇದ್ದುದರಿಂದ ಅವುಗಳ ಅರ್ಥವನ್ನು ಕರಿಹಲಗೆಯಲ್ಲಿ ಬರೆದಿಟ್ಟೆ: ರಿಪೀಟ್ ಎಂದರೆ ಪುನಃ ಪುನಃ ಮಾಡು, ಸ್ಟ್ಯಾಂಪ್ ಎಂದರೆ ಇದ್ದ ಜಾಗದಲ್ಲಿ ಅಚ್ಚು ಒತ್ತು, ಟರ್ನ್ ಎಂದರೆ ಇಷ್ಟು ಡಿಗ್ರಿ ತಿರುಗು, ಇರೇಸ್ ಆಲ್ ಎಂದರೆ ಎಲ್ಲ ಅಳಿಸು.

ಕಲಿಕಾ ಫಲಗಳು

1. ಒಂದು ಆಕೃತಿಯ ಪರಿಭ್ರಮಣ ಕೇಂದ್ರವನ್ನು ಗುರುತಿಸುವುದು.
2. ಎಸಳುಗಳ ಸಂಖ್ಯೆಯಿಂದ ಪರಿಭ್ರಮಣ ಕೋನವನ್ನೂ ಕೋನದಿಂದ ಎಸಳುಗಳ ಸಂಖ್ಯೆಯನ್ನೂ ಕಂಡುಹಿಡಿಯುವುದು.
3. ಪರಿಭ್ರಮಣ ಸಮಮಿತಿಯ ದರ್ಜೆಯನ್ನು ಹೇಳುವುದು.
4. ರೇಖಾ ಸಮಮಿತಿ ಇಲ್ಲದೆಯೂ ಪರಿಭ್ರಮಣ ಸಮಮಿತಿ ಇರಬಹುದು ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವುದು.

(ಮೊದಲ ಪಾಠಯೋಜನೆಯಲ್ಲಿ ಒಂದನೆಯ ಅಂಶ ಇರಲಿಲ್ಲ. ಎರಡನೇ ಅವಧಿಗೆ ಸೇರಿಸಿದೆ.)

ಮೊದಲ ಅವಧಿ

ಹಿಂದಿನ ರಾತ್ರಿ ಮನೆಯಲ್ಲಿ ಎಲ್ಲವನ್ನೂ ಮಾಡಿ ನೋಡಿದ್ದೆ. ಕಾಸ್ಟ್ಯೂಮ್ ಬಿಡಿಸುವ ಹಾಳೆಯ ಸರಿಯಾದ ನಡುವಿನಲ್ಲಿ, ಎರಡೂ ತುದಿ ಚೂಪಾದ ಉದ್ದನೆಯ ಎಸಳೊಂದನ್ನು ಬಿಡಿಸಿದೆ. ಆರು ಸಲ ಸ್ಟ್ಯಾಂಪ್, ಪ್ರತಿ ಸಲ 60 ಡಿಗ್ರಿ ತಿರುಗು. ಆರು ಎಸಳಿನ ಹೂ ಬಂತು. 12 ಸಲ, 30 ಡಿಗ್ರಿ ಎಂದು ಕೊಟ್ಟೆ. ಹನ್ನೆರಡು ಎಸಳು ಬಂದವು. ಪಾಠ ತಯಾರಾಯಿತು ಎಂದುಕೊಂಡು ಮಲಗಿದೆ.

ತರಗತಿಯಲ್ಲಿ ಆರೂ ಹನ್ನೆರಡೂ ಸರಿಯಾಗಿಯೇ ಬಂದವು. ‘ಬೇರೆ ಯಾವ ಹೂ ಮಾಡೋಣ?’ ಎಂದು ಕೇಳಿದೆ. ಕಿಟಕಿಯ ಹೊರಗೆ ನಂದಿಬಟ್ಟಲಿನ ಗಿಡವಿತ್ತು. ಮಕ್ಕಳು ಅದನ್ನೇ ಹೇಳಿದರು. ಐದು ಎಸಳು, 360ನ್ನು 5ರಿಂದ ಭಾಗಿಸಿದರೆ 72. ಒಬ್ಬ ಹುಡುಗ ತಾನೇ ಬಂದು ರಿಪೀಟ್ 5, ಟರ್ನ್ 72 ಎಂದು ಹಾಕಿದ. ಪರದೆಯ ಮೇಲೆ ಬಂದದ್ದು ಹತ್ತು ಎಸಳಿನ ಹೂ.

ನಾನು ಸಂಖ್ಯೆಗಳನ್ನು ಪುನಃ ನೋಡಿದೆ. ಸರಿ ಇದ್ದವು. ಪುನಃ ಮಾಡಿಸಿದೆ. ಪುನಃ ಹತ್ತು. ‘ಐದು ಸಲ ಹೇಳಿದ್ದಲ್ವಾ ಟೀಚರ್, ಹತ್ತು ಹೇಗೆ ಬಂತು?’ ಎಂಬ ಪ್ರಶ್ನೆ ಹಿಂದಿನಿಂದ ಬಂತು. ನನಗೆ ಉತ್ತರ ಗೊತ್ತಿರಲಿಲ್ಲ. ‘ಹಳೆಯ ಕಂಪ್ಯೂಟರ್ ಅಲ್ವಾ, ಏನೋ ತೊಂದರೆ ಇರಬೇಕು’ ಎಂದುಬಿಟ್ಟೆ. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪರದೆಯನ್ನೇ ನೋಡುತ್ತಾ, ನನಗಲ್ಲ, ಪಕ್ಕದವಳಿಗೆ ತುಳುವಿನಲ್ಲಿ ಕೇಳಿದಳು: ‘ನಡು ಓಲುಂಡು?’ ನಡು ಎಲ್ಲಿದೆ? ನಾನು ಅದನ್ನು ಕೇಳಿಸಿಕೊಂಡೆ, ಗಣನೆಗೆ ತೆಗೆದುಕೊಳ್ಳಲಿಲ್ಲ. ಉಳಿದ ಸಮಯದಲ್ಲಿ ಎಂಟು ಎಸಳಿನ ಹೂ ಮಾಡಿಸಿ ಅವಧಿ ಮುಗಿಸಿದೆ.

ತಪ್ಪಿನ ಮೂಲ

ಮನೆಗೆ ಬಂದು ರಟ್ಟಿನಲ್ಲಿ ಅದೇ ಆಕಾರದ ಎಸಳು ಕತ್ತರಿಸಿದೆ. ಅದರ ಸರಿಯಾದ ನಡುವಿಗೆ ಗುಂಡುಪಿನ್ ಚುಚ್ಚಿ ಕಾಗದದ ಮೇಲೆ ತಿರುಗಿಸಿ, 72 ಡಿಗ್ರಿಗೊಮ್ಮೆ ಅಂಚಿನ ಗೆರೆ ಎಳೆದೆ. ಆಗ ಅರ್ಥವಾಯಿತು.

ಸ್ಪ್ರೈಟ್ ತಿರುಗುವುದು ತನ್ನ ಕಾಸ್ಟ್ಯೂಮ್ ಹಾಳೆಯ ಕೇಂದ್ರದ ಸುತ್ತ. ಅಲ್ಲಿ ಮಸುಕಾದ ಸಣ್ಣ ಗುರುತೊಂದು ಇರುತ್ತದೆ. ನಾನು ಎಸಳನ್ನು ಅಚ್ಚುಕಟ್ಟಾಗಿ ಆ ಗುರುತಿನ ಮೇಲೆಯೇ ಬಿಡಿಸಿದ್ದೆ. ಹಾಗಾಗಿ ಎಸಳು ತನ್ನ ಬುಡದ ಸುತ್ತ ತಿರುಗದೆ ತನ್ನ ಹೊಟ್ಟೆಯ ಸುತ್ತ ತಿರುಗುತ್ತಿತ್ತು. ಒಂದು ಅಚ್ಚಿಗೆ ಎರಡು ತುದಿ. ಐದು ಅಚ್ಚಿನ ತುದಿಗಳು 0, 72, 144, 216, 288 ಡಿಗ್ರಿಗಳಲ್ಲಿ ಬೀಳುತ್ತವೆ. ಅವುಗಳ ಎದುರು ತುದಿಗಳು 180, 252, 324, 36, 108ರಲ್ಲಿ ಬೀಳುತ್ತವೆ. ಒಂದೂ ಒಂದರ ಮೇಲೊಂದು ಬೀಳುವುದಿಲ್ಲ. ಒಟ್ಟು ಹತ್ತು.

ಆರು ಎಸಳು ಸರಿಯಾಗಿ ಕಂಡದ್ದು ಯಾಕೆ? 0, 60, 120ರ ಎದುರು ತುದಿಗಳು 180, 240, 300. ಮುಂದಿನ ಮೂರು ಅಚ್ಚುಗಳು ಮೊದಲಿನ ಮೂರರ ಮೇಲೆಯೇ ಬಿದ್ದು ಮುಚ್ಚಿಹೋಗುತ್ತವೆ. ಅಂದರೆ ಆರು ಸಲ ಒತ್ತಿದರೂ ಕಾಣುವುದು ಮೂರೇ ಅಚ್ಚು, ಆರು ತುದಿ. ಸಮಸಂಖ್ಯೆ ಕೊಟ್ಟಾಗಲೆಲ್ಲ ಈ ತಪ್ಪು ಅಡಗಿ ಕೂರುತ್ತದೆ. ಬೆಸಸಂಖ್ಯೆ ಕೊಟ್ಟಾಗ ಮಾತ್ರ ಹೊರಗೆ ಬರುತ್ತದೆ. ನಾನು ಮನೆಯಲ್ಲಿ ಪರೀಕ್ಷಿಸಿದ್ದು 6 ಮತ್ತು 12. ಒಂದು ಸಲ 5 ಹಾಕಿ ನೋಡಿದ್ದರೆ ಸಾಕಿತ್ತು.

ಎರಡನೇ ಅವಧಿ

ತರಗತಿ ಶುರುವಾಗುವಾಗಲೇ ಹೇಳಿದೆ: ‘ಮೊನ್ನೆ ಕಂಪ್ಯೂಟರಿನದ್ದು ತಪ್ಪಲ್ಲ, ನನ್ನದು. ಇವಳು ಕೇಳಿದ ಪ್ರಶ್ನೆಯಲ್ಲಿಯೇ ಉತ್ತರ ಇತ್ತು.’ ಆ ಹುಡುಗಿ ತಲೆ ತಗ್ಗಿಸಿ ಕುಳಿತಳು, ಆದರೆ ಇಡೀ ಅವಧಿಯಲ್ಲಿ ಅವಳಷ್ಟು ಕೈ ಎತ್ತಿದವರು ಬೇರೆ ಇಲ್ಲ.

ಹಂತ 1: ಪಿನ್ ಮತ್ತು ರಟ್ಟು (15 ನಿಮಿಷ). ನಾಲ್ಕೈದು ಮಕ್ಕಳ ಗುಂಪುಗಳಿಗೆ ಒಂದೊಂದು ರಟ್ಟಿನ ಎಸಳು ಕೊಟ್ಟೆ. ಪ್ರತಿ ಎಸಳಿಗೆ ಮೂರು ತೂತು: ಒಂದು ಹೊಟ್ಟೆಯಲ್ಲಿ, ಒಂದು ಬುಡದಲ್ಲಿ, ಮೂರನೆಯದು ಬುಡದಿಂದ ಮುಂದಕ್ಕೆ ಬಾಲದಂತೆ ಬಿಟ್ಟ ಪಟ್ಟಿಯ ತುದಿಯಲ್ಲಿ. ಕೋನಮಾಪಕದಿಂದ 72 ಡಿಗ್ರಿಯ ಗೆರೆಗಳನ್ನು ಎಳೆದ ಕಾಗದದ ಮೇಲೆ ಮೂರೂ ತೂತುಗಳಿಗೆ ಸರದಿಯಂತೆ ಪಿನ್ ಹಾಕಿ ಎಸಳಿನ ಅಂಚನ್ನು ಎಳೆಯಬೇಕು. ಹೊಟ್ಟೆಯ ತೂತಿನಿಂದ ಹತ್ತು ತುದಿ ಬಂತು. ಬುಡದ ತೂತಿನಿಂದ ಐದು ಎಸಳಿನ ಹೂ ಬಂತು. ಬಾಲದ ತೂತಿನಿಂದ ನಡುವಿನಲ್ಲಿ ಖಾಲಿ ಜಾಗ ಬಿಟ್ಟ ಬಳೆಯಂಥ ವಿನ್ಯಾಸ ಬಂತು. ಎಸಳು ಅದೇ, ಕೋನ ಅದೇ, ತಿರುಗಿಸಿದ ಸಲವೂ ಅಷ್ಟೇ. ಬದಲಾದದ್ದು ಪಿನ್ನಿನ ಜಾಗ. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ತೆಂಗಿನ ಗರಿಯ ಗಿರಗಿಟ್ಲೆ ಮಾಡಿ ಗೊತ್ತಿದ್ದ ಹುಡುಗನೊಬ್ಬ ‘ಹಿಡಿಸೂಡಿ ಕಡ್ಡಿ ನಡುವಿಗೆ ಚುಚ್ಚದಿದ್ರೆ ಅದು ತಿರುಗುದೇ ಇಲ್ಲ’ ಎಂದ. ಪರಿಭ್ರಮಣ ಕೇಂದ್ರ ಎಂಬ ಪದವನ್ನು ಆಮೇಲೆ ಹಲಗೆಯಲ್ಲಿ ಬರೆದೆ.

ಹಂತ 2: ಅಂಗಳದಲ್ಲಿ (10 ನಿಮಿಷ). ಒಬ್ಬಳು ನಡುವಿನಲ್ಲಿ ನಿಂತಳು. ಐವರು ಅವಳ ಸುತ್ತ, ಸಮ ಅಂತರದಲ್ಲಿ. ಮೊದಲ ಸಲ ಎಲ್ಲರೂ ನಡುವಿನವಳಿಗೆ ಬೆನ್ನು ಹಾಕಿ ನಿಂತರು. ಎರಡನೇ ಸಲ ಜಾಗ ಬದಲಿಸದೆ ಎಲ್ಲರೂ ಧ್ವಜಸ್ತಂಭದ ಕಡೆ ಮುಖ ಮಾಡಿದರು. ಎರಡೂ ಸಲ ವೃತ್ತವೇ. ಆದರೆ ಮೊದಲನೆಯದು ಹೂವಿನ ಹಾಗೆ, ಎರಡನೆಯದು ಜಾತ್ರೆಯ ಜಾಯಿಂಟ್ ವೀಲಿನ ತೊಟ್ಟಿಲುಗಳ ಹಾಗೆ. ಚಕ್ರ ತಿರುಗಿದರೂ ತೊಟ್ಟಿಲು ತಲೆಕೆಳಗಾಗುವುದಿಲ್ಲ. ತಲೆಕೆಳಗಾದರೆ ಕುಳಿತವರು ಬೀಳುತ್ತಾರೆ. ಆಕೃತಿಗಳನ್ನು ವೃತ್ತದಲ್ಲಿ ಜೋಡಿಸುವುದು ಬೇರೆ, ಕೇಂದ್ರದ ಸುತ್ತ ತಿರುಗಿಸುವುದು ಬೇರೆ ಎಂಬುದು ಇಲ್ಲಿ ಸ್ಪಷ್ಟವಾಯಿತು. ಧ್ವಜಸ್ತಂಭ ನೋಡುತ್ತಿದ್ದ ಐವರನ್ನು ಹಾಗೆಯೇ 72 ಡಿಗ್ರಿ ತಿರುಗಿಸಿದರೆ ಎಲ್ಲರ ಮುಖವೂ ಬೇರೆ ದಿಕ್ಕಿಗೆ ಹೋಗುತ್ತದೆ, ಹಿಂದಿನ ಚಿತ್ರ ಸಿಗುವುದಿಲ್ಲ.

ಹಂತ 3: ಸ್ಕ್ರ್ಯಾಚ್ (ಉಳಿದ ಸಮಯ). ಕಾಸ್ಟ್ಯೂಮ್ ಹಾಳೆಯಲ್ಲಿ ಕೇಂದ್ರದ ಗುರುತನ್ನು ಮಕ್ಕಳೇ ಹುಡುಕಿದರು. ‘ಇದೇ ಪಿನ್ನು’ ಎಂದು ಒಬ್ಬ ಹೆಸರಿಟ್ಟ. ಆಮೇಲೆ ಎಲ್ಲರೂ ಹಾಗೆಯೇ ಕರೆದರು. ಎಸಳನ್ನು ಎಳೆದು ಅದರ ಬುಡವನ್ನು ಪಿನ್ನಿನ ಮೇಲೆ ಇಟ್ಟರು. ಬ್ಲಾಕ್‌ಗಳ ಕ್ರಮ ಹೀಗಿತ್ತು:

ಎಲ್ಲ ಅಳಿಸು
90 ಡಿಗ್ರಿ ದಿಕ್ಕಿಗೆ ಮುಖ ಮಾಡು
5 ಸಲ ಪುನಃ ಮಾಡು: ಅಚ್ಚು ಒತ್ತು, 72 ಡಿಗ್ರಿ ತಿರುಗು

ಈ ಸಲ ಐದೇ ಎಸಳು ಬಂದವು.

ಕೋನದ ಲೆಕ್ಕ: ಪಾರಿಜಾತದ ಪ್ರಶ್ನೆ

ಮನೆಯಿಂದ ಹೂ ತರಲು ಹೇಳಿದ್ದೆ. ಕೇಪುಳದಲ್ಲಿ ನಾಲ್ಕು ಎಸಳು, 90 ಡಿಗ್ರಿ. ಪಾರಿಜಾತದಲ್ಲಿ ಮಾತ್ರ ಎಸಳಿನ ಸಂಖ್ಯೆ ಎಲ್ಲ ಹೂಗಳಲ್ಲಿ ಒಂದೇ ಇರುವುದಿಲ್ಲ. ಐದರಿಂದ ಎಂಟರವರೆಗೆ ಇರುತ್ತದೆ. ಒಂದು ಗುಂಪಿಗೆ ಏಳು ಎಸಳಿನದು ಸಿಕ್ಕಿತು. 360ನ್ನು 7ರಿಂದ ಭಾಗಿಸಿದಾಗ 51, ಶೇಷ 3. ಅವರು 51 ಎಂದು ಹಾಕಿದರು. 51ನ್ನು ಏಳು ಸಲ ತಿರುಗಿದರೆ 357 ಮಾತ್ರ. ಕೊನೆಯ ಎಸಳು ಮತ್ತು ಮೊದಲನೆಯದರ ನಡುವೆ 54 ಡಿಗ್ರಿ ಉಳಿಯಿತು. ಹತ್ತಿರದಿಂದ ನೋಡಿದಾಗ ಮಕ್ಕಳಿಗೆ ಆ ಸಂದು ಕಂಡಿತು. ಸಂಖ್ಯೆಯ ಜಾಗದಲ್ಲಿ ಭಾಗಾಕಾರದ ಬ್ಲಾಕನ್ನೇ ಇಟ್ಟು 360/7 ಎಂದು ಕೊಡಬಹುದು ಎಂದು ತೋರಿಸಿದೆ. ಭಿನ್ನರಾಶಿ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಆ ಎರಡು ವಾರಗಳಲ್ಲಿ ಸಿಗಲಿಲ್ಲ.

ಇನ್ನೊಂದು ಗುಂಪು ಮೊದಲಿನ ಎರಡು ಸಾಲುಗಳನ್ನು, ಅಂದರೆ ಅಳಿಸುವುದನ್ನೂ ದಿಕ್ಕು ಹೊಂದಿಸುವುದನ್ನೂ ಬಿಟ್ಟಿತ್ತು. ಅವರು 51 ಇಟ್ಟು ಹಸಿರು ಬಾವುಟವನ್ನು ಒತ್ತಿದ ಹಾಗೆಲ್ಲ ಎಸಳುಗಳು ದಪ್ಪವಾಗುತ್ತಾ ಹೋದವು. ಪ್ರತಿ ಸಲ ಹೂ 3 ಡಿಗ್ರಿ ಹಿಂದಿನಿಂದ ಶುರುವಾಗುತ್ತಿತ್ತು. 72 ಇಟ್ಟಾಗ ಹೀಗಾಗುವುದಿಲ್ಲ, ಯಾಕೆಂದರೆ ಐದು ಸಲಕ್ಕೆ ಸ್ಪ್ರೈಟ್ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಮೊದಲೇ ಸರಿಯಾದ ಬ್ಲಾಕ್‌ಗಳನ್ನು ಕೊಟ್ಟಿದ್ದರೆ ಈ ಚರ್ಚೆ ಆಗುತ್ತಿರಲಿಲ್ಲ.

ಆಮೇಲೆ ಪ್ರಶ್ನೆಯನ್ನು ತಿರುಗಿಸಿ ಕೊಟ್ಟೆ: ಕೋನ ನಾನು ಹೇಳುತ್ತೇನೆ, ಹೊರಟ ಜಾಗಕ್ಕೆ ಬರಲು ಎಷ್ಟು ಸಲ ತಿರುಗಬೇಕು?

30 ಡಿಗ್ರಿ: 12 ಸಲ, 1 ಸುತ್ತು
72 ಡಿಗ್ರಿ: 5 ಸಲ, 1 ಸುತ್ತು
144 ಡಿಗ್ರಿ: 5 ಸಲ, 2 ಸುತ್ತು
100 ಡಿಗ್ರಿ: 18 ಸಲ, 5 ಸುತ್ತು
50 ಡಿಗ್ರಿ: 36 ಸಲ, 5 ಸುತ್ತು

72 ಮತ್ತು 144 ಎರಡಕ್ಕೂ ಒಂದೇ ಹೂ ಬಂದದ್ದು ಮಕ್ಕಳಿಗೆ ಆಶ್ಚರ್ಯ. ಅಚ್ಚು ಒತ್ತಿದ ಮೇಲೆ ಅರ್ಧ ಸೆಕೆಂಡ್ ಕಾಯುವ ಬ್ಲಾಕ್ ಸೇರಿಸಿದಾಗ ವ್ಯತ್ಯಾಸ ಕಂಡಿತು: 144ರಲ್ಲಿ ಎಸಳುಗಳು ಒಂದು ಬಿಟ್ಟು ಒಂದರಂತೆ ಬೀಳುತ್ತವೆ. ಕೋನ ಮತ್ತು 360ರ ಮ.ಸಾ.ಅ. ತೆಗೆದು, ಅದರಿಂದ 360ನ್ನು ಭಾಗಿಸಿದರೆ ಎಸಳುಗಳ ಸಂಖ್ಯೆ ಸಿಗುತ್ತದೆ. 100 ಮತ್ತು 360ರ ಮ.ಸಾ.ಅ. 20; 360/20 = 18. ಆರನೇ ತರಗತಿಯಲ್ಲಿ ಕಲಿತ ಮ.ಸಾ.ಅ. ಇಲ್ಲಿ ಕೆಲಸಕ್ಕೆ ಬಂತು. ಈ ನಿಯಮವನ್ನು ಮಕ್ಕಳು ತಾವಾಗಿ ಕಂಡುಕೊಳ್ಳಲಿಲ್ಲ, ನಾನೇ ಹೇಳಿದೆ. ಇನ್ನೊಂದು ಅವಧಿ ಇದ್ದಿದ್ದರೆ ಕಾಯಬಹುದಿತ್ತು.

ತಿರುಗಿದರೂ ತಿರುಗದ ಹೂ

ಪರಿಭ್ರಮಣ ಸಮಮಿತಿಯ ವ್ಯಾಖ್ಯೆ ಹೇಳುವುದಕ್ಕೆ ಆನಿಮೇಶನ್ ನಿಜವಾಗಿ ಉಪಯೋಗವಾದದ್ದು ಇಲ್ಲಿ. ಐದೂ ಎಸಳುಗಳಿರುವ ನಂದಿಬಟ್ಟಲನ್ನು ಒಂದೇ ಕಾಸ್ಟ್ಯೂಮ್ ಆಗಿ ಮನೆಯಲ್ಲಿ ತಯಾರಿಸಿದ್ದೆ. ಒತ್ತಿದಾಗ 72 ಡಿಗ್ರಿ ತಿರುಗುವಂತೆ ಬ್ಲಾಕ್ ಇಟ್ಟೆ. ಒತ್ತಿದೆ. ‘ತಿರುಗಲೇ ಇಲ್ಲ’ ಎಂದರು. ಪುನಃ ಒತ್ತಿದೆ. ‘ಇಲ್ಲ ಟೀಚರ್, ಹಾಳಾಗಿದೆ.’ ಒಂದು ಎಸಳಿಗೆ ಕೆಂಪು ಬಣ್ಣ ತುಂಬಿ ಒತ್ತಿದಾಗ ಕೆಂಪು ಎಸಳು ಜಾಗ ಬದಲಿಸಿತು. ಹೂ ತಿರುಗಿದೆ, ಆದರೆ ತಿರುಗಿದ ಗುರುತು ಇಲ್ಲ. ಪೂರ್ಣ ಸುತ್ತಿನಲ್ಲಿ ಹೀಗೆ ಐದು ಸಲ ಆಗುತ್ತದೆ, ಹಾಗಾಗಿ ದರ್ಜೆ 5. ಕೆಂಪು ಬಣ್ಣ ಹಾಕಿದ ಮೇಲೆ ದರ್ಜೆ ಎಷ್ಟು ಎಂದು ಕೇಳಿದಾಗ ‘ಒಂದೇ’ ಎಂಬ ಉತ್ತರ ಎರಡು ಮೂರು ಕಡೆಯಿಂದ ಬಂತು.

ಅದೇ ಬಿಳಿ ಹೂವನ್ನು ನಿಲ್ಲದೆ 70 ಡಿಗ್ರಿಯಂತೆ ಬಲಕ್ಕೆ ತಿರುಗಿಸಿದರೆ ಕಣ್ಣಿಗೆ ಅದು ಎಡಕ್ಕೆ ಮೆಲ್ಲಗೆ ತಿರುಗಿದಂತೆ ಕಾಣುತ್ತದೆ. 72ಕ್ಕೆ 2 ಕಡಿಮೆ ಇರುವುದರಿಂದ ಪ್ರತಿ ಚಿತ್ರವೂ ಹಿಂದಿನದಕ್ಕಿಂತ 2 ಡಿಗ್ರಿ ಹಿಂದೆ ಸರಿದಂತೆ ನಮಗೆ ತೋರುತ್ತದೆ. ಸಿನಿಮಾದಲ್ಲಿ ಜೀಪು ಮುಂದೆ ಹೋಗುವಾಗ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಗಂಟೆ ಬಾರಿಸಿದ ಮೇಲೂ ಮಕ್ಕಳು ಇದನ್ನು ನೋಡುತ್ತಾ ನಿಂತಿದ್ದರು.

ಮೌಲ್ಯಮಾಪನ

ಮೂರು ಚಿತ್ರಗಳನ್ನು ಕೊಟ್ಟು ಕೇಂದ್ರ ಗುರುತಿಸಿ, ಕೋನ ಮತ್ತು ದರ್ಜೆ ಬರೆಯಲು ಹೇಳಿದೆ: ಕೇಪುಳ, ನಂದಿಬಟ್ಟಲು, ಎಂಟು ತೊಟ್ಟಿಲಿನ ಜಾಯಿಂಟ್ ವೀಲ್. ಕೇಂದ್ರವನ್ನು ಬಹುತೇಕ ಎಲ್ಲರೂ ಸರಿಯಾಗಿ ಗುರುತಿಸಿದರು. ಕೇಪುಳದಲ್ಲಿ ತಪ್ಪು ಕಡಿಮೆ. ನಂದಿಬಟ್ಟಲಿನ ಎಸಳುಗಳು ಒಂದೇ ಕಡೆಗೆ ಬಾಗಿರುವುದರಿಂದ ಅದಕ್ಕೆ ಸಮಮಿತಿ ರೇಖೆ ಇಲ್ಲ. ಆದರೂ ಹಲವರು ಐದು ರೇಖೆ ಎಳೆದಿದ್ದರು. ಐದು ಎಸಳಿದ್ದರೆ ಐದು ರೇಖೆ ಎಂಬ ಅಭ್ಯಾಸ ಹಿಂದಿನ ಪಾಠದಿಂದ ಬಂದದ್ದು. ಚಿತ್ರವನ್ನು ಮಡಚಿ ನೋಡಲು ಹೇಳಿದಾಗ ತಿದ್ದಿಕೊಂಡರು. ಜಾಯಿಂಟ್ ವೀಲಿಗೆ ಕೆಲವರು ದರ್ಜೆ 8 ಎಂದು ಬರೆದರು. ಅವರಲ್ಲಿ ಒಬ್ಬನ ವಾದ: ‘ತೊಟ್ಟಿಲು ಬಿಟ್ಟು ಚಕ್ರ ಮಾತ್ರ ನೋಡಿದ್ರೆ ಎಂಟೇ.’ ಅದೂ ಸರಿ. ಪ್ರಶ್ನೆಯನ್ನು ನಾನು ಇನ್ನೂ ಸ್ಪಷ್ಟವಾಗಿ ಬರೆಯಬೇಕಿತ್ತು.

ಮಿತಿಗಳು ಮತ್ತು ಸಲಹೆಗಳು

22 ಮಕ್ಕಳಿಗೆ ಮೂರು ಕಂಪ್ಯೂಟರ್ ಇದ್ದಾಗ ಮೌಸ್ ಹಿಡಿದವರು ಹಿಡಿದೇ ಇರುತ್ತಾರೆ. ಮೌಸ್ ಮುಟ್ಟದ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕೋನದ ಭಾಗ ಹೆಚ್ಚು ತಪ್ಪಾಗಿತ್ತು. ಪಿನ್ ಮತ್ತು ರಟ್ಟಿನ ಹಂತಕ್ಕೆ ಈ ತೊಂದರೆ ಇಲ್ಲ. ಕರೆಂಟ್ ಹೋದರೂ ಆ ಹಂತ ನಡೆಯುತ್ತದೆ.

ಈ ಪಾಠ ಮಾಡುವವರಿಗೆ ನಾಲ್ಕು ಸಲಹೆಗಳು:

1. ತಂತ್ರಾಂಶಕ್ಕೆ ಮೊದಲು ಪಿನ್ನು. ಕೇಂದ್ರ ಎಲ್ಲಿದೆ ಎಂದು ಕೈಗೆ ಗೊತ್ತಾದ ಮೇಲೆ ಪರದೆಯಲ್ಲಿ ಹುಡುಕುವುದು ಸುಲಭ. ಇಂಕ್‌ಸ್ಕೇಪ್‌ನಂಥ ಚಿತ್ರ ಬಿಡಿಸುವ ತಂತ್ರಾಂಶದಲ್ಲಿಯೂ ಆಕೃತಿಗೆ ತಿರುಗುವ ಕೇಂದ್ರವೊಂದು ಇರುತ್ತದೆ, ಅದನ್ನು ಎಳೆದು ಬೇರೆ ಕಡೆ ಇಡಬಹುದು.
2. ಮನೆಯಲ್ಲಿ ಪರೀಕ್ಷಿಸುವಾಗ 5 ಮತ್ತು 7 ಹಾಕಿ ನೋಡಿ. ಸಮಸಂಖ್ಯೆಗಳು ತಪ್ಪನ್ನು ಮುಚ್ಚುತ್ತವೆ.
3. ಎರಡೂ ಬದಿ ಒಂದೇ ತೆರನಾದ ಎಸಳಿಗಿಂತ ಒಂದು ಕಡೆ ಬಾಗಿದ ಎಸಳು ಒಳ್ಳೆಯದು. ತಪ್ಪಾದರೆ ಬೇಗ ಕಾಣುತ್ತದೆ, ರೇಖಾ ಸಮಮಿತಿಯೊಂದಿಗೆ ಗೊಂದಲವೂ ಆಗುವುದಿಲ್ಲ.
4. ಪರದೆಯಲ್ಲಿ ಬಂದದ್ದು ಯಾಕೆ ಹಾಗೆ ಬಂತು ಎಂದು ಗೊತ್ತಾಗದಿದ್ದರೆ ‘ಗೊತ್ತಿಲ್ಲ, ನಾಳೆ ನೋಡೋಣ’ ಎಂದು ಹೇಳಿ. ನಾನು ಕಂಪ್ಯೂಟರಿನ ಮೇಲೆ ಹಾಕಿದ ತಪ್ಪನ್ನು ಕೆಲವು ಮಕ್ಕಳು ನಂಬಿದ್ದರು. ಎರಡನೇ ದಿನ ಆ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಲು ಯಾರೂ ಒಪ್ಪಲಿಲ್ಲ.